ಕುಲುಮೆ ಹೊರಗೆ ಬರುವ ಹೊತ್ತು

ಊರ ಮೃಗಗಳ ಆಟಕ್ಕೆ ನಮ್ಮ ಬೀದಿಯ ತಂಡ ಕಟ್ಟುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂತು. ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ, ಮತ್ತು ಆಟದಲ್ಲಿ ಮೃಗಗಳಿಗೆ ಕೂಗಿ ಹೇಳುವ ನಮ್ಮ ಹಳೆಯ ಕೂಗುಗಾರರಿಗೆ ಗಂಟಲಿನ ಆಪರೇಷನ್ ಆಗಿತ್ತು. ಕಾರಣ ಇಷ್ಟೇ. ಸ್ಟೀಲ್ ಪಾತ್ರೆ ಅಂಗಡಿಯ ಚನ್ನಮಲ್ಲಪ್ಪನವರು ಬೀದಿಯ ಹಿರಿಯರು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ ಹೇಳಿದರು: “ಮೇಡಮ್ಮಾರ, ನೀವು ದಿನಾ ಕಿಟಕ್ಯಾಗ ನಿಂತು ನೋಡ್ತೀರಿ. ಯಾರ ಮನಿ ಮೃಗ ಏನ್ ತಿಂತು, ಯಾವಾಗ ಸೀನ್ತು, ಎಲ್ಲಾ ನಿಮಗ ಗೊತ್ತು. ಆ ನೋಡೂದು ಬೀದಿ ಕೆಲಸಕ್ಕರ ಬರ್ಲಿ.” ನಾನು ಕಿಟಕಿಯಲ್ಲಿ ನಿಲ್ಲುವುದು ಬೀದಿಗೆಲ್ಲ ಗೊತ್ತಿದೆ ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಆ ನಾಚಿಕೆಯಲ್ಲಿ ಆಗಲಿ ಅಂದುಬಿಟ್ಟೆ.

ನಮ್ಮೂರಿಗೆ ಮೃಗಗಳು ಊರಾಚೆಯ ಹಳೆಯ ಕಲ್ಲುಕ್ವಾರಿಯಿಂದ ಬರುತ್ತವೆ. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮುಂದೆ ಕೂತಿರುತ್ತದೆ. ಅವತ್ತಿನಿಂದ ಅದು ಆ ಮನೆಯದು. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ರೇಷನ್ ಅಂಗಡಿಯಲ್ಲಿ ಅವಕ್ಕೆಂದು ನುಚ್ಚು ಬೇರೆ ಕೊಡುತ್ತಾರೆ. ಸಿಟಿ ಬಸ್ಸಿನ ಹಿಂದಿನ ಸೀಟು ತೆಗೆದು ಜಾಗ ಮಾಡಿದ್ದಾರೆ. ಹೆಣ್ಣು ನೋಡಲು ಬಂದವರನ್ನು ಹುಡುಗಿ ಕೇಳುವ ಮೊದಲ ಪ್ರಶ್ನೆ, ನಿಮ್ಮ ಮನೆಯ ಮೃಗಕ್ಕೆ ಹೊಸಬರು ಒಗ್ಗುತ್ತಾರೋ ಇಲ್ಲವೋ ಎಂದು. ನಮ್ಮ ಮನೆಗೆ ಬಂದದ್ದಕ್ಕೆ ಬತ್ತಿ ಎಂದು ಹೆಸರಿಟ್ಟಿದ್ದೆ. ಉದ್ದ ಕುತ್ತಿಗೆಯ, ಬಿಳಿಚಿದ ಪ್ರಾಣಿ. ಎಲ್ಲಿ ತೇವ ಕಂಡರೂ ಹೀರಿಬಿಡುತ್ತದೆ. ಬಟ್ಟೆ ಒಗೆದ ದಿನ ಹಗ್ಗದ ಕೆಳಗೆ ಮಲಗಿಸಿದರೆ ಸೀರೆಗಳು ಊಟದ ಹೊತ್ತಿಗೆ ಒಣಗುತ್ತವೆ. ಒಮ್ಮೊಮ್ಮೆ ನನ್ನ ಚಹಾ ಸಹ ಒಣಗುತ್ತದೆ.

ಬೇಸಿಗೆಗೆ ಮುಂಚೆ ವರ್ಷಕ್ಕೊಮ್ಮೆ ಕ್ವಾರಿಯ ತಳದಲ್ಲಿ ಎರಡು ಬೀದಿಗಳ ನಡುವೆ ಆಟ ನಡೆಯುತ್ತದೆ. ಹಿಂದಿನ ವರ್ಷ ಗೆದ್ದ ಬೀದಿ ಒಂದು ಕಡೆ, ಸವಾಲು ಹಾಕಿದ ಬೀದಿ ಇನ್ನೊಂದು ಕಡೆ. ಎರಡೂ ಕಡೆ ನಾಲ್ಕು ನಾಲ್ಕು ಮೃಗ, ಒಬ್ಬ ಕೂಗುಗಾರ. ಕೂಗುಗಾರನ ಮಾತು ಬಿಟ್ಟು ಅಂಗಳದಲ್ಲಿ ಇನ್ನೊಬ್ಬರ ಮಾತು ನಡೆಯುವುದಿಲ್ಲ. ಹಲಗೆ ಬಾರಿಸುವವರು ಕೂಡ ಅವನ ಕೈ ನೋಡಿಯೇ ಬಾರಿಸಬೇಕು, ನಿಲ್ಲಿಸಬೇಕು. ಎದುರಾಳಿ ಮೃಗವನ್ನು ಅದರ ಸುಣ್ಣದ ಗೆರೆಯಾಚೆ ಹಿಮ್ಮೆಟ್ಟಿಸಿದರೆ ಅದು ಸೋತಂತೆ. ಸೋತ ಮೃಗ ಬೆಲ್ಲ ತಿಂದು ಮನೆಗೆ ಹೋಗುತ್ತದೆ, ಯಾವ ಅವಮಾನವೂ ಇಲ್ಲ. ಗೆದ್ದ ಬೀದಿಯಲ್ಲಿ ಮುಂದಿನ ವರ್ಷವಿಡೀ ವಾರದ ಸಂತೆ ಕೂರುತ್ತದೆ. ಅದು ಬಹಳ ಕಾಲದಿಂದ ಗಿರಣಿ ಬೀದಿ ಬಿಟ್ಟು ಕದಲಿರಲಿಲ್ಲ. ನಮ್ಮ ಬೀದಿಯವರು ಸೊಪ್ಪಿಗೂ ಅಲ್ಲಿಗೇ ಹೋಗಬೇಕು, ಅಲ್ಲಿಯವರು “ಬರ್ರಿ ಬರ್ರಿ, ನೆಂಟರು ಬಂದ್ರು” ಅನ್ನುವುದನ್ನು ಕೇಳಿಸಿಕೊಂಡು ಬರಬೇಕು.

ಈ ಸಲ ಸವಾಲು ಹಾಕುವ ಧೈರ್ಯ ಬಂದದ್ದು ಕುಲುಮೆಯಿಂದ. ಮಳೆಗಾಲ ಮುಗಿದ ಮೇಲೆ ಅದು ದಸ್ತಗೀರಸಾಬರ ಬೇಕರಿಯ ಮುಂದೆ ಬಂದು ಕೂತಿತ್ತು. ಕೋಣದಷ್ಟು ಗಾತ್ರ, ಕಪ್ಪು ಹೊಟ್ಟೆ. ಉಸಿರೆಳೆದಾಗ ಪಕ್ಕೆಲುಬುಗಳ ಸಂದಿನಲ್ಲಿ ಕೆಂಡ ಹೊಳೆಯುತ್ತದೆ. ಅದು ಒಮ್ಮೆ ಆಕಳಿಸಿದ್ದಕ್ಕೆ ಎದುರಿನ ಸೈಕಲ್ ಅಂಗಡಿಯ ಟಯರು ಕರಗಿತ್ತು. ದಸ್ತಗೀರಸಾಬರು ಹಳೆಯ ಭಟ್ಟಿಯ ಇಟ್ಟಿಗೆ ತೆಗೆಸಿ ಅದಕ್ಕೊಂದು ಗುಂಡಿ ಮಾಡಿಸಿದರು. ಕಟ್ಟಿಗೆಯ ಖರ್ಚಿಲ್ಲದೆ ಬ್ರೆಡ್ಡು, ಖಾರಿ, ಟೋಸ್ಟು ಎಲ್ಲ ಅದರ ಮೈಶಾಖದಲ್ಲೇ ಬೇಯುತ್ತಿದ್ದವು. “ನನ್ನ ಅಳಿಯಾನೂ ಇಷ್ಟು ದುಡಿಯಂಗಿಲ್ಲ ನೋಡ್ರಿ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು, ಅಳಿಯ ಅಲ್ಲೇ ಹಿಟ್ಟು ನಾದುತ್ತಿದ್ದರೂ.

ಅಂಥ ಹೊಡೆತದ ಒಂದು ಮೃಗ ಸಿಕ್ಕಿದರೆ ತಂಡ ತನ್ನಿಂದ ತಾನೇ ಆಗಿಬಿಡುತ್ತದೆ ಎಂದು ಜನ ತಿಳಿದಿದ್ದರು. ನಾನು ಕೂತು ಯೋಚಿಸಿದಷ್ಟೂ ಅದು ತಲೆಕೆಳಗಾಗಿ ಕಾಣಿಸತೊಡಗಿತು. ಬಲವಾದದ್ದಕ್ಕೇ ಬೇಡಿಕೆಗಳು ಹೆಚ್ಚು. ಕುಲುಮೆಯ ಒಂದು ಹೊಡೆತಕ್ಕೆ ಯಾವುದೂ ನಿಲ್ಲುವುದಿಲ್ಲ, ಸರಿ. ಆದರೆ ಅದು ಕಾಲು ಎತ್ತಿ ಇಡುವಷ್ಟರಲ್ಲಿ ಎದುರಿನದು ಎರಡು ಸುತ್ತು ಹೊಡೆದಿರುತ್ತದೆ. ಹಾಗಾಗಿ ಎದುರಾಳಿಯ ಕಾಲು ನೆಲಕ್ಕೆ ಅಂಟಿಸುವಂಥದ್ದು ಒಂದು ಬೇಕು. ಅದಕ್ಕೆ ದರ್ಜಿ ಗೋವಿಂದಪ್ಪನ ಮನೆಯ ಗೋಂದು ಇತ್ತು, ಹೆಸರಿಗೆ ತಕ್ಕ ಹಾಗೆ ಎಲ್ಲೆಂದರಲ್ಲಿ ಜೊಲ್ಲು ಸುರಿಸುವ ಪ್ರಾಣಿ. ಕುಲುಮೆಯ ಮೈಗೆ ನೀರು ಬಿದ್ದರೆ ಅರ್ಧ ಬಲ ಹೊಗೆಯಾಗಿ ಹೋಗುತ್ತದೆ. ಗಿರಣಿ ಬೀದಿಯ ಬಲವಾದ ಮೃಗದ ಹೆಸರೇ ಪಿಚಕಾರಿ. ಒಂದು ತೊಟ್ಟಿಯಷ್ಟು ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವಂಥದ್ದು. ಆ ನೀರು ಹೀರಲು ನಮ್ಮ ಬತ್ತಿ ಬೇಕು. ಹೀಗೆ ಮೂರು ಜಾಗ ತುಂಬಿದವು. ನಾಲ್ಕನೆಯ ಜಾಗಕ್ಕೆ ಬಂದಾಗ ನನ್ನ ಕೈ ನಿಂತಿತು. ಅದು ಮೊದಲ ಪಾಲಿನ ಜಾಗ.

ಬಲವಾದ ಮೃಗಗಳು ಕರೆದ ಕೂಡಲೇ ಅಂಗಳಕ್ಕೆ ಇಳಿಯುವುದಿಲ್ಲ. ಕ್ವಾರಿಯ ಗೋಡೆಯಲ್ಲಿ ಎರಡೂ ಕಡೆ ಒಂದೊಂದು ಗವಿ ಇದೆ. ಅಲ್ಲಿಗೆ ಹೋಗಿ ಕೂತುಬಿಡುತ್ತವೆ. ಎಷ್ಟು ಕೂಗಿದರೂ ಬರುವುದಿಲ್ಲ. ಸವಾಲು ಹಾಕಿದ ಬೀದಿಯ ಒಂದು ಸಣ್ಣ ಮೃಗ ಎಲ್ಲರ ಮುಂದೆ ಬಿದ್ದರೆ ಮಾತ್ರ ಬರುತ್ತವೆ. ಆ ಸಣ್ಣದೇ ಮೊದಲ ಪಾಲು. ಅದಕ್ಕೆ ಕೂಗುಗಾರ “ನಿಲ್ಲು” ಎಂಬ ಒಂದೇ ಮಾತು ಹೇಳುತ್ತಾನೆ. ಹೇಳಿದ ಮೇಲೆ ಅದು ಹೊಡೆಯುವುದೂ ಇಲ್ಲ, ಹಿಂದೆ ಸರಿಯುವುದೂ ಇಲ್ಲ. ಎದುರಿನದು ಹೊಡೆಯುತ್ತ ಹೋಗುತ್ತದೆ. ಬಿದ್ದದ್ದು ಕ್ವಾರಿಯ ತಳದ ಬಿರುಕಿನಲ್ಲಿ ನುಸುಳಿ ಹೋಗುತ್ತದೆ, ಮತ್ತೆ ಯಾವ ಮನೆಗೂ ಬರುವುದಿಲ್ಲ. ಕೊಟ್ಟ ಮನೆಗೆ ಬೀದಿಯವರು ಹೋಳಿಗೆ ಮಾಡಿ ಕಳಿಸುತ್ತಾರೆ. ಆ ಮನೆಯ ಹೊಸ್ತಿಲಿಗೆ ಕೆಮ್ಮಣ್ಣು ಬಳಿಯುತ್ತಾರೆ. ಕೆಂಪು ಹೊಸ್ತಿಲು ದಾಟುವಾಗ ಜನ ಚಪ್ಪಲಿ ಬಿಡುತ್ತಾರೆ.

“ಮೊದಲ ಪಾಲಿಗೆ ಹಂಚು ಐತಲ್ಲ” ಅಂದರು ಚನ್ನಮಲ್ಲಪ್ಪ, ಮುಚ್ಚಳ ಸರಿಯಾಗಿ ಕೂರುವ ಡಬ್ಬಿ ತೋರಿಸಿದಷ್ಟು ಸಲೀಸಾಗಿ. ಹಂಚು ಅಂದರೆ ಬೀದಿಯ ಕೊನೆಯ ಮನೆಯ ದ್ಯಾಮವ್ವನ ಮೃಗ. ಆಮೆಯಂತೆ ಚಪ್ಪಟೆ, ಬೆನ್ನ ಮೇಲೆ ಮಂಗಳೂರು ಹಂಚಿನಂಥ ಹೊದಿಕೆ. ಓಡಲಾರದು, ಉಗುಳಲಾರದು, ಕಚ್ಚಲಾರದು. ನಾನು ಹಾಕಿದ ಲೆಕ್ಕವೂ ಅಲ್ಲಿಗೇ ಬಂದು ನಿಂತಿತ್ತು. ಬತ್ತಿಯನ್ನು ಕೊಡೋಣವೆಂದರೆ ಕುಲುಮೆ ನೆನೆದು ಹೋಗುತ್ತದೆ, ಗೋಂದನ್ನು ಕೊಟ್ಟರೆ ಪಿಚಕಾರಿ ಕೈಗೆ ಸಿಗುವುದಿಲ್ಲ. ಬೇರೆ ಯಾವ ಕೆಲಸಕ್ಕೂ ಬಾರದ್ದು ಹಂಚು ಒಂದೇ. ತಪ್ಪು ಹುಡುಕಲು ಎಷ್ಟು ಸಲ ಮೇಲಿನಿಂದ ಕೆಳಗೆ ಬಂದರೂ ತಪ್ಪು ಸಿಗಲಿಲ್ಲ. ಸರಿಯಾಗಿರುವ ಲೆಕ್ಕವನ್ನು ಕಂಡು ನನಗೆ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ.

“ದ್ಯಾಮವ್ವ ಒಬ್ಬಾಕಿ ಇರ್ತಾಳಲ್ಲರಿ” ಅಂದೆ.

“ನಮ್ಮ ಮನೀದೂ ಕೊಟ್ಟೀವಿ ಮೇಡಮ್ಮಾರ. ನಾ ಸಣ್ಣಾವ ಇದ್ದೆ. ಮಂದಿಗೆ ಹೇಳೂ ಮೊದಲ ನಾವ ಕೊಟ್ಟು ತೋರ್ಸೀವಿ.” ಚನ್ನಮಲ್ಲಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ. “ಹೋಗಿ ಹೇಳಿ ಬರ್ರಿ. ಕೂಗುಗಾರರೇ ಹೇಳಬೇಕು, ಅದು ಪದ್ಧತಿ.”

ದ್ಯಾಮವ್ವ ಕೌದಿ ಹೊಲಿಯುವ ಹೆಂಗಸು. ನಾನು ಹೋದಾಗ ಪಡಸಾಲೆಯ ತುಂಬ ಹಳೆಯ ಸೀರೆಗಳ ಪದರ ಹರವಿಕೊಂಡಿದ್ದಳು. ಒಂದು ತುದಿ ಅವಳ ಕಾಲಬೆರಳಿನಲ್ಲಿ, ಇನ್ನೊಂದು ತುದಿ ಹಂಚಿನ ಬಾಯಲ್ಲಿ. ಅವಳು ಹೊಲಿಗೆ ಮುಂದುವರಿಸಿದಷ್ಟು ಹಂಚು ಬಟ್ಟೆಯನ್ನು ತನ್ನ ಕಡೆ ಎಳೆದು ಬಿಗಿ ಮಾಡುತ್ತಿತ್ತು. ನಾನು ಯಾವ ಪದದಿಂದ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅವಳೇ ನನ್ನ ಮುಖ ನೋಡಿ ಸೂಜಿ ಕೆಳಗಿಟ್ಟಳು.

“ಹಂಚಿಂದೇನು?” ಅಂದಳು.

ನಾನು ತಲೆಯಾಡಿಸಿದೆ.

ಅವಳು ಸ್ವಲ್ಪ ಹೊತ್ತು ದಾರದ ಉಂಡೆಯನ್ನು ಕೈಯಲ್ಲಿ ತಿರುವಿದಳು. “ಬೀದಿ ಕೇಳಿದ್ರ ಇಲ್ಲಂತ ಹ್ಯಾಂಗ ಅನ್ನೂದು? ಆಗ್ಲಿ. ಹೋಳಿಗಿ ಮಾತ್ರ ಕಳಿಸಬ್ಯಾಡ್ರಿ, ನನಗ ಹಲ್ಲಿಲ್ಲ.” ಆಮೇಲೆ ಹಂಚಿನ ಬಾಯಿಂದ ಬಟ್ಟೆಯ ತುದಿ ಬಿಡಿಸಿ ನನ್ನ ಮುಂದೆ ಹಿಡಿದಳು. “ತಗೋರಿ. ಈ ತುದಿ ನೀವು ಹಿಡೀರಿ. ಅದು ಹೋದಮ್ಯಾಲ ಯಾರರ ಹಿಡೀಬೇಕಲ್ಲ, ರೂಢಿ ಮಾಡ್ಕೋರಿ.”

ಹಿಡಿದೆ. ಎರಡು ಸಾಲು ಹೊಲಿಯುವಷ್ಟರಲ್ಲಿ ಅವಳು ಮೂರು ಸಲ ಬೈದಳು. ನಾನು ಬಿಗಿ ಹಿಡಿದರೆ ಹೆಚ್ಚಾಗುತ್ತಿತ್ತು, ಸಡಿಲ ಬಿಟ್ಟರೆ ಪದರ ಸುಕ್ಕುಗಟ್ಟುತ್ತಿತ್ತು. “ಕಾಲೇಜಿನ್ಯಾಗ ಇದನ್ನ ಕಲಿಸೂದಿಲ್ಲೇನು?” ಎಂದು ನಕ್ಕಳು. ಹಂಚು ನನ್ನ ಪಕ್ಕದಲ್ಲೇ ಕೂತು, ನನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕತ್ತು ಚಾಚಿ ನನ್ನ ಕೈಯಿಂದ ತುದಿಯನ್ನು ಮೆಲ್ಲಗೆ ಕಸಿದುಕೊಂಡಿತು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನ ತರಗತಿಯಲ್ಲಿ ಕಾರ್ಯಕಾರಣ ಸಂಬಂಧದ ಪಾಠ ಮಾಡುತ್ತಿದ್ದಾಗ, ಒಂದೇ ಥರದ ಕಾರ್ಯಕ್ಕೆ ಒಂದೇ ಕಾರಣ ಹುಡುಕಬೇಕು ಎಂದು ಬೋರ್ಡಿನ ಮೇಲೆ ನಾನೇ ಬರೆದದ್ದನ್ನು ಎರಡು ಸಲ ಓದಿದೆ. ಮೊದಲ ಪಾಲು ಬಿದ್ದಾಗ ನಮ್ಮ ಕಡೆಯ ಬಲವಾದ ಮೃಗ ಬರುತ್ತದೆ. ತನ್ನವರು ಬಿದ್ದ ಸಿಟ್ಟಿಗೆ ಬರುತ್ತದೆ ಅನ್ನುತ್ತಾರೆ. ಸರಿ. ಆದರೆ ಅದೇ ಹೊತ್ತಿಗೆ ಎದುರಿನ ಗವಿಯಿಂದಲೂ ಮೃಗ ಹೊರಬರುತ್ತದಲ್ಲ? ಅದರವರು ಯಾರೂ ಬಿದ್ದಿರುವುದಿಲ್ಲ. ಕೇಳಿದರೆ, ಅದಕ್ಕೆ ಗೆಲುವಿನ ವಾಸನೆ ಬಡಿದಿರುತ್ತದೆ ಅನ್ನುತ್ತಾರೆ. ಒಂದೇ ಗಳಿಗೆಯಲ್ಲಿ ಒಂದೇ ಥರ ನಡೆಯುವ ಎರಡು ಕೆಲಸಗಳಿಗೆ ಎರಡು ಬೇರೆ ಕಾರಣ. ನನ್ನ ವಿದ್ಯಾರ್ಥಿನಿ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ.

ಆಮೇಲಿನ ದಿನಗಳಲ್ಲಿ ನಾನು ಕಿಟಕಿ ಬಿಟ್ಟು ಬೇಕರಿಯ ಬೆಂಚಿನ ಮೇಲೆ ಕೂರತೊಡಗಿದೆ. ಕಾಲೇಜು ಬಿಟ್ಟವಳು ನೇರ ಅಲ್ಲಿಗೆ. ಒಂದು ಖಾರಿ ಬಿಸ್ಕತ್ತು ತಗೊಂಡು ಕತ್ತಲಾಗುವ ತನಕ ಚೂರುಚೂರೇ ಕಚ್ಚುತ್ತ ಕೂರುತ್ತಿದ್ದೆ. ದಸ್ತಗೀರಸಾಬರಿಗೆ ಮೊದಲು ಅನುಮಾನ, ಆಮೇಲೆ ಕನಿಕರ. “ಮನ್ಯಾಗ ಏನರ ಜಗಳೇನ್ರಿ ಅಕ್ಕಾರ?” ಎಂದು ಒಂದು ದಿನ ಕೇಳಿಯೇ ಬಿಟ್ಟರು.

“ಇಲ್ಲರಿ. ಇದು ಗುಂಡಿಯಿಂದ ಯಾವಾಗ ಎದ್ದು ಬರ್ತದ ಅಂತ ನೋಡಬೇಕಾಗಿತ್ತು.”

“ಅದಾ? ಅದರ ಮನಸ್ಸಿಗೆ ಬಂದಾಗ. ನವಾಬ ಐತಿ ಅದು.”

ಮನಸ್ಸಿಗೆ ಬಂದಾಗ ಎಂಬುದು ಉತ್ತರವಲ್ಲ. ನಾನು ನೋಡುತ್ತಲೇ ಹೋದೆ. ಹಗಲೆಲ್ಲ ಕುಲುಮೆ ಗುಂಡಿಯೊಳಗೆ ಮುದುಡಿಕೊಂಡಿರುತ್ತಿತ್ತು, ಮೂಗು ಕೂಡ ಹೊರಗಿಲ್ಲ. ಪಕ್ಕದಲ್ಲಿ ಖಾರಪುಡಿ ಕುಟ್ಟುವ ಮಷಿನ್ನು, ಎದುರಿನಲ್ಲಿ ವೆಲ್ಡಿಂಗ್ ಅಂಗಡಿ. ಕರೆಂಟು ಹೋದಾಗ ಮಾತ್ರ ಅದು ಎದ್ದು ಬಾಗಿಲ ತನಕ ಬರುತ್ತಿತ್ತು. ಕತ್ತಲೆಂದರೆ ಅದಕ್ಕಿಷ್ಟ ಎಂದು ದಸ್ತಗೀರಸಾಬರ ಅಳಿಯ ಹೇಳಿದ. ಆದರೆ ರಜೆಯ ದಿನ ನೋಡಿದರೆ ಕರೆಂಟು ನಡು ಮಧ್ಯಾಹ್ನವೂ ಹೋಗುತ್ತಿತ್ತು, ಆಗಲೂ ಅದು ಬಂದು ಬಿಸಿಲಿಗೆ ಮುಖವೊಡ್ಡಿ ನಿಲ್ಲುತ್ತಿತ್ತು. ಶುಕ್ರವಾರ ಮಧ್ಯಾಹ್ನ ಸಾಬರು ಅಂಗಡಿ ಮುಚ್ಚಿ ನಮಾಜಿಗೆ ಹೋಗುತ್ತಿದ್ದರು. ಅಕ್ಕಪಕ್ಕದವರೂ ಊಟಕ್ಕೆ ಹೋಗಿರುತ್ತಿದ್ದರು. ಒಂದು ಶುಕ್ರವಾರ ಕಾಲೇಜಿಗೆ ರಜೆ ಹಾಕಿ ಹೊರಗಿನ ಬೆಂಚಿನಲ್ಲಿ ನಾನೊಬ್ಬಳೇ ಕೂತಿದ್ದಾಗ, ಅದು ಹಿತ್ತಿಲ ಸಂದಿಯಿಂದ ಬಂದು ನನ್ನ ಪಕ್ಕದಲ್ಲೇ ಮಲಗಿತು. ಬೆಂಚು ಬಿಸಿಯಾಗಿ ನಾನೇ ಏಳಬೇಕಾಯಿತು. ಅಷ್ಟರಲ್ಲಿ ಯಾರೋ ದೂರದಲ್ಲಿ ಖಾಲಿ ಡಬ್ಬ ಬೀಳಿಸಿದರು. ಅಷ್ಟು ದೊಡ್ಡ ಮೈ, ನನಗಿಂತ ಮೊದಲು ಬೆಚ್ಚಿತು. ಸದ್ದಿಗೆ ಬೆಚ್ಚುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ಭುಜ ಮೊದಲು ಏಳುತ್ತದೆ, ಆಮೇಲೆ ಕತ್ತು ಒಳಗೆ ಹೋಗುತ್ತದೆ. ಕುಲುಮೆಯ ಭುಜವೂ ಹಾಗೇ ಎದ್ದಿತು.

ಕ್ವಾರಿಯ ಆಟದಲ್ಲಿ ಎರಡೂ ಕಡೆ ಹಲಗೆಗಳು, ಕೇಕೆ, ಸಿಳ್ಳು, ಸುತ್ತಲಿನ ಕಲ್ಲುಗೋಡೆಗಳಿಂದ ಮಾರ್ದನಿ. ಮೊದಲ ಪಾಲು ಬಿದ್ದ ಕ್ಷಣ ಎರಡೂ ಬೀದಿಯವರು ಒಮ್ಮೆಲೇ ಬಾಯಿ ಮುಚ್ಚುತ್ತಾರೆ. ಗೌರವಕ್ಕೆ. ನನಗೆ ತಿಳಿದ ಮಟ್ಟಿಗೆ ನಮ್ಮೂರಿನಲ್ಲಿ ಅಷ್ಟೊಂದು ಜನ ಒಟ್ಟಿಗೆ ಸುಮ್ಮನಾಗುವುದು ಆಗೊಂದೇ ಸಲ.

ಬಲವಾದವು ಹೊರಬರುವುದು ಸಣ್ಣದು ಬಿದ್ದದ್ದಕ್ಕಲ್ಲ, ಸದ್ದು ನಿಂತದ್ದಕ್ಕೆ ಇರಬಹುದೆಂದು ಚನ್ನಮಲ್ಲಪ್ಪನವರಿಗೆ ಆದಷ್ಟು ಎಚ್ಚರದಿಂದ ಹೇಳಿದೆ. ಅವರು ತಕ್ಕಡಿಯಲ್ಲಿದ್ದ ಕೊಳಗವನ್ನು ಇಳಿಸಿಟ್ಟರು. “ಅಂದ್ರ ಏನು, ಹಲಗಿ ಇಲ್ಲದ ಆಟ ಆಡಬೇಕೇನು? ಹೆಣದ ಮುಂದ ಸೈತ ಹಲಗಿ ಬಾರಸ್ತೀವಿ ನಾವು.”

“ಒಂದೀಟು ಹೊತ್ತು ಅಷ್ಟರಿ.”

“ನಾವು ನಿಲ್ಸಿದ್ರ ಅವರು ನಿಲ್ಸತಾರೇನು? ಗಿರಣಿ ಬೀದ್ಯಾವರು? ನಾವು ಸತ್ರೂ ಅವರು ಸಿಳ್ಳು ಹೊಡಿಯಾವರ.” ಆಮೇಲೆ ದನಿ ತಗ್ಗಿಸಿದರು. “ಮೇಡಮ್ಮಾರ, ನಿಮಗ ಆ ಮುದುಕಿ ಮ್ಯಾಲೆ ಕರುಣಾ ಬಂದೈತಿ. ನನಗ ಅದು ತಿಳೀತದ. ಆದ್ರ ಕರುಣಾಕ್ಕ ಕಾರಣಾ ಹಚ್ಚಬ್ಯಾಡ್ರಿ.”

ಈ ಮಾತು ಚುಚ್ಚಿತು, ಏಕೆಂದರೆ ನಾನೂ ಅದನ್ನೇ ನನಗೆ ಕೇಳಿಕೊಂಡಿದ್ದೆ. ಬೇಕಾದ ಉತ್ತರ ಸಿಗುವ ತನಕ ನೋಡುತ್ತ ಕೂತಿದ್ದೆನೇ? ಉತ್ತರ ತಪ್ಪಾದರೆ ಹಂಚು ಸುಮ್ಮನೆ ಪೆಟ್ಟು ತಿನ್ನುತ್ತದೆ, ಕೊನೆಗೆ ಬೀಳುತ್ತದೆ, ಜೊತೆಗೆ ಬೀದಿ ನಗೆಪಾಟಲಾಗುತ್ತದೆ. ಆಟದ ಹಿಂದಿನ ದಿನ ದ್ಯಾಮವ್ವನಿಗೆ ಮಾತ್ರ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, “ಗ್ಯಾರಂಟಿ ಅದನ?” ಅಂದಳು. ಇಲ್ಲ ಅಂದೆ. “ಹಂಗಾರ ಚಲೋ ಆತು. ಗ್ಯಾರಂಟಿ ಅಂದಿದ್ರ ನಾ ನಂಬ್ತಿರಲಿಲ್ಲ” ಎಂದು ಹಂಚಿನ ಬೆನ್ನಿಗೆ ಎಣ್ಣೆ ಹಚ್ಚುವುದನ್ನು ಮುಂದುವರಿಸಿದಳು.

ಆಟದ ದಿನ ಕ್ವಾರಿಯ ಮೆಟ್ಟಿಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿರಣಿ ಬೀದಿಯ ಕೂಗುಗಾರ್ತಿ ಕಾಶೀಬಾಯಿ. ಹೆರಿಗೆ ಆಸ್ಪತ್ರೆಯ ನರ್ಸು. “ಏನ್ ಮೇಡಮ್ಮಾ, ಕಿಟಕಿ ಬಿಟ್ಟು ಬಂದೀರಲ್ಲ, ತಂಡಿ ಆದೀತು!” ಎಂದು ಆ ಕಡೆಯಿಂದ ಕೂಗಿದಳು, ಅವರ ಕಡೆಯವರೆಲ್ಲ ಹೋ ಎಂದರು. ಕುಲುಮೆ ನಮ್ಮ ಕಡೆಯ ಗವಿಗೆ, ಪಿಚಕಾರಿ ಅವರ ಕಡೆಯ ಗವಿಗೆ ಹೋಗಿ ಸೇರಿಕೊಂಡಾಗಿತ್ತು. ಹಲಗೆ ಶುರುವಾಯಿತು. ಹಂಚು ತನ್ನ ನಿಧಾನದಲ್ಲೇ ನಡುಗೆರೆಗೆ ಹೋಯಿತು. ಅವರ ಕಡೆಯಿಂದ ಉಂಡಿ ಎಂಬುದು ಉರುಳಿಕೊಂಡು ಬಂತು, ದುಂಡಗಿನ, ಗಟ್ಟಿ ತಲೆಯ, ಇನ್ನೂ ಎಳೆಯ ಮೃಗ.

ಈಗ ನಾನು “ನಿಲ್ಲು” ಅನ್ನಬೇಕಿತ್ತು. ಚನ್ನಮಲ್ಲಪ್ಪ ನನ್ನ ಬೆನ್ನ ಹಿಂದೆಯೇ ಇದ್ದರು. ನಾನು ಏನೂ ಅನ್ನಲಿಲ್ಲ. ಬಲಗೈ ಎತ್ತಿದೆ. ನಮ್ಮ ಹಲಗೆಗಳು ಒಂದೆರಡು ಏಟು ತಡವರಿಸಿ ನಿಂತವು.

ಉಂಡಿ ಓಡಿ ಬಂದು ಗುದ್ದಿತು. ಹಂಚಿನ ಬೆನ್ನಿನ ಅಂಚಿನಿಂದ ಒಂದು ಚೂರು ಹಾರಿತು. ಹಿಂದೆ ಸರಿಯುವ ಅವಕಾಶ ಅದಕ್ಕಿತ್ತು, ಯಾರೂ ಅದನ್ನು ನಿಲ್ಲು ಅಂದಿರಲಿಲ್ಲ. ಆದರೂ ಅದು ಇದ್ದಲ್ಲೇ ಕಾಲೂರಿತು. ಗಿರಣಿ ಬೀದಿಯ ಹಲಗೆಗಳು ಇನ್ನೂ ಜೋರಾದವು. “ನಿಲ್ಲು ಅನ್ರಿ” ಎಂದು ಚನ್ನಮಲ್ಲಪ್ಪ ಪಿಸುಗುಟ್ಟಿದರು. ಎರಡನೆಯ ಗುದ್ದಿಗೆ ಹಂಚಿನ ಬೆನ್ನು ಉದ್ದಕ್ಕೆ ಸೀಳಿತು. ನಮ್ಮ ಕಡೆ ಯಾರೋ ಕೇಕೆ ಹಾಕಲು ಬಾಯಿ ತೆರೆದವರು, ಸುತ್ತ ನೋಡಿ ಮುಚ್ಚಿದರು. ನಾನು ಎತ್ತಿದ ಕೈ ಇಳಿಸಿರಲಿಲ್ಲ. ದ್ಯಾಮವ್ವ ಮೊದಲ ಮೆಟ್ಟಿಲಲ್ಲಿ ಕೂತು, ಸೆರಗಿನ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಿದ್ದಳು.

ಗಿರಣಿ ಬೀದಿಯವರು ನಿಲ್ಲಿಸುವುದಿಲ್ಲ ಎಂದು ಚನ್ನಮಲ್ಲಪ್ಪ ಹೇಳಿದ್ದು ನಿಜವಿರಬಹುದಿತ್ತು. ನಾವು ಬೇಡಿಕೊಂಡಿದ್ದರೆ ಖಂಡಿತ ನಿಲ್ಲಿಸುತ್ತಿರಲಿಲ್ಲ. ಆದರೆ ನಾವು ಏನೂ ಕೇಳಿರಲಿಲ್ಲ, ಸುಮ್ಮನೆ ಸುಮ್ಮನಿದ್ದೆವು. ಮೊದಲು ಅವರ ಸಿಳ್ಳುಗಳು ನಿಂತವು. ಆಮೇಲೆ ಒಬ್ಬ ಹಲಗೆಯವನು ಬಾರಿಸುವುದು ಬಿಟ್ಟು, ಕುತ್ತಿಗೆ ಉದ್ದ ಮಾಡಿ ನಮ್ಮ ಕಡೆ ನೋಡಿದ. “ಯಾಕೋ, ಏನಾತು ಇವರಿಗೆ?” ಎಂದು ಯಾರೋ ಕೇಳಿದ್ದು ಅಂಗಳದಾಚೆಗೂ ಸ್ಪಷ್ಟ ಕೇಳಿಸಿತು. “ಏನೋ ಮಸಲತ್ತು ಐತಿ.” “ಶ್, ತಡಿ, ನೋಡೋಣು.” ಉಳಿದ ಹಲಗೆಗಳೂ ಒಂದೊಂದಾಗಿ ಇಳಿದವು. ಏನಾಗುತ್ತದೋ ನೋಡಬೇಕೆಂಬ ಆಸೆಯಲ್ಲಿ ಒಂದಿಡೀ ಬೀದಿ ಉಸಿರು ಹಿಡಿಯಿತು. ಉಂಡಿ ಮೂರನೆಯ ಸಲ ಗುದ್ದಲು ಹಿಂದೆ ಸರಿದದ್ದು, ಸದ್ದು ಎಲ್ಲಿ ಹೋಯಿತೆಂದು ತಿರುಗಿ ನೋಡುತ್ತ ಅಲ್ಲೇ ಕೂತಿತು.

ಮೇಲಿನ ಬಂಡೆಯಿಂದ ಸಣ್ಣ ಹರಳೊಂದು ಉದುರಿದ್ದು ಕೇಳಿಸಿತು. ಅಷ್ಟೇ. ನಮ್ಮ ಗವಿಯ ಕತ್ತಲಲ್ಲಿ ಕೆಂಪು ಪಟ್ಟಿಗಳು ಕಂಡವು. ಕುಲುಮೆ ತಲೆ ಹೊರಗಿಟ್ಟಿತು, ಆಲಿಸಿತು, ಹೊರಗೆ ಬಂತು. ಅಂಗಳದಾಚೆಯ ಗವಿಯಿಂದ ಪಿಚಕಾರಿಯೂ ತನ್ನ ದೊಡ್ಡ ಹೊಟ್ಟೆ ಎಳೆದುಕೊಂಡು ಹೊರಗೆ ಬಂತು. ಎರಡೂ ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತವು. ಅವುಗಳ ನಡುವೆ ಹಂಚು ಇತ್ತು, ನಾಲ್ಕೂ ಕಾಲಿನ ಮೇಲೆ. ಯಾರೂ ಬಿದ್ದಿರಲಿಲ್ಲ.

“ಬಾ” ಅಂದೆ. ಅದು ಎಷ್ಟು ಸಣ್ಣ ದನಿಯಾಗಿತ್ತೆಂದರೆ ಬೇರೆ ದಿನವಾಗಿದ್ದರೆ ನನಗೇ ಕೇಳುತ್ತಿರಲಿಲ್ಲ. ಹಂಚು ತಿರುಗಿ ನಮ್ಮ ಗೆರೆಯ ಕಡೆ ನಡೆಯತೊಡಗಿತು. ಅದು ಗೆರೆ ದಾಟಿ ದ್ಯಾಮವ್ವನ ಮಡಿಲಿಗೆ ತಲೆ ಇಡುವ ತನಕ ಎರಡು ಬೀದಿಯವರೂ ಕಾದರು. ಹಾಗೆ ಕಾಯಬೇಕೆಂದು ಯಾವ ಪದ್ಧತಿಯೂ ಇರಲಿಲ್ಲ.

ಉಳಿದದ್ದು ಲೆಕ್ಕದ ಪ್ರಕಾರ ನಡೆಯಿತು. ಪಿಚಕಾರಿ ನೀರು ಹಾರಿಸಿತು, ಬತ್ತಿ ಹೀರಿ ಹಂಡೆಯಷ್ಟು ಊದಿಕೊಂಡು ಗೆರೆಯಾಚೆ ಉರುಳಿತು, ಗೋಂದು ನೆಲವನ್ನೆಲ್ಲ ಅಂಟು ಮಾಡಿತು. ಕಾಲು ಕೀಳಲಾರದೆ ನಿಂತ ಪಿಚಕಾರಿಯ ಕಡೆಗೆ ಕುಲುಮೆ ನಿಧಾನಕ್ಕೆ ಹೆಜ್ಜೆ ಇಟ್ಟು ಹೋಗಿ ಒಂದೇ ಒಂದು ಉಸಿರು ಬಿಟ್ಟಿತು. ಅಂಟು ಕರಗಿದ್ದೇ ತಡ ಪಿಚಕಾರಿ ತಾನಾಗಿ ಗೆರೆ ದಾಟಿ ಓಡಿತು. ಅದರ ಹಿಂದೆ ಅವರ ಉಳಿದ ಮೂರೂ ನಿಲ್ಲಲಿಲ್ಲ. ಸಂತೆ ನಮ್ಮ ಬೀದಿಗೆ ಬಂತು. ನಾನು ಕೈ ಇಳಿಸಿದೆ. ಹಲಗೆಯವರು ಈಗ ಬಾರಿಸಬಹುದಿತ್ತು. ಅವರು ಬಾರಿಸಲಿಲ್ಲ.

ಕಾಶೀಬಾಯಿ ಅಂಗಳ ದಾಟಿ ನನ್ನ ಹತ್ತಿರ ಬಂದಳು. ಬಿದ್ದ ಮೃಗಗಳು ನುಸುಳಿ ಹೋದ ಬಿರುಕಿನ ಕಡೆ ಒಮ್ಮೆ ನೋಡಿ ಹಿಂದಿರುಗಿದಳು. ಮೆಟ್ಟಿಲುಗಳ ಮೇಲೆ ಜನ ಎದ್ದು ನಿಂತಿದ್ದರು, ಹೊರಡುತ್ತಿರಲಿಲ್ಲ. ಕೆಲವರು ತಂತಮ್ಮ ಮನೆಯವರ ಮುಖ ನೋಡುತ್ತಿದ್ದರು. ಹಾಗೆ ನೋಡುತ್ತಿದ್ದವರೆಲ್ಲ ಕೆಂಪು ಹೊಸ್ತಿಲಿನ ಮನೆಯವರೆಂದು ನನಗೆ ತಿಳಿಯುತ್ತಿತ್ತು.

ಚನ್ನಮಲ್ಲಪ್ಪ ನನ್ನ ಪಕ್ಕಕ್ಕೆ ಬಂದರು. ಅಭಿನಂದಿಸುತ್ತಾರೆಂದು ಕ್ಷಣ ಅನ್ನಿಸಿತು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

“ನಮ್ಮ ಮನ್ಯಾಗ ಬೆಳ್ಳಿ ಅಂತ ಇತ್ತು” ಅಂದರು. “ನಮ್ಮವ್ವನ ಹಾಸಿಗ್ಯಾಗ ಮಲಗ್ತಿತ್ತು. ಅಪ್ಪ ಅದನ್ನ ಎತ್ಗೊಂಡು ಬಂದಿದ್ದ, ಇಲ್ಲೇ, ಈ ಮೆಟ್ಲದಾಗ. ನಾನೂ ಸಂಗ್ಟ ಬಂದಿದ್ದೆ.” ನನ್ನ ಕಡೆ ತಿರುಗಿದರು. “ಮೇಡಮ್ಮಾರ, ಹಂಗಾರ ಅದು ಬೀಳೂದು ಬೇಕಾಗಿದ್ದಿಲ್ಲೇನು? ನಾವು ಸುಮ್ನಿದ್ರ ಆಗ್ತಿತ್ತೇನು?”

ಹೇಳಬಹುದಾದ ಮಾತುಗಳು ನನಗೆ ಗೊತ್ತಿದ್ದವು. ಆಗ ಯಾರಿಗೂ ತಿಳಿದಿರಲಿಲ್ಲ ಅನ್ನಬಹುದಿತ್ತು. ಪ್ರತಿ ಮೃಗವೂ ಒಂದೊಂದು ಥರ, ಒಂದೇ ಸಲದ ಆಟದಿಂದ ಎಲ್ಲದರ ಬಗ್ಗೆ ಹೇಳಲಾಗದು ಅನ್ನಬಹುದಿತ್ತು. ತರ್ಕದ ದೃಷ್ಟಿಯಿಂದ ಅದು ತಪ್ಪೂ ಆಗುತ್ತಿರಲಿಲ್ಲ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಆಗ್ತಿತ್ತರಿ” ಅಂದೆ.

ಅವರು ತಲೆಯಾಡಿಸಿದರು. ಟೋಪಿಯನ್ನು ಮತ್ತೆ ಹಾಕಿಕೊಳ್ಳಲಿಲ್ಲ.

ದ್ಯಾಮವ್ವ ಎದ್ದು ಸೀರೆ ಕೊಡವಿಕೊಂಡಳು. ಸೀಳಿದ ಬೆನ್ನಿನ ಹಂಚನ್ನು ಎತ್ತಿಕೊಳ್ಳಲು ಯಾರೋ ಮುಂದೆ ಬಂದರೆ, “ಬಿಡ್ರಿ, ನಡೀತದ ಅದು, ಕಾಲು ಅದಾವ” ಎಂದು ದೂರ ಸರಿಸಿ ಮೆಟ್ಟಿಲ ಕಡೆ ಹೊರಟಳು. ಕ್ವಾರಿಯಿಂದ ಮೇಲೆ ಹೋಗುವ ದಾರಿ ಕಿರಿದು, ಒಬ್ಬರನ್ನು ಒಬ್ಬರು ದಾಟಲಾಗದು. ಹಂಚು ಒಂದು ಮೆಟ್ಟಿಲು ಹತ್ತುತ್ತಿತ್ತು, ನಿಂತು ದಣಿವಾರಿಸಿಕೊಳ್ಳುತ್ತಿತ್ತು, ಇನ್ನೊಂದು ಹತ್ತುತ್ತಿತ್ತು. ಅದರ ಹಿಂದೆ ದ್ಯಾಮವ್ವ, ಅವಳ ಹಿಂದೆ ಚನ್ನಮಲ್ಲಪ್ಪ, ಅವರ ಹಿಂದೆ ನಾನು, ಕುಲುಮೆ, ದಸ್ತಗೀರಸಾಬರು, ಇಡೀ ಬೀದಿ. ಬಿಸಿಲು ನೆತ್ತಿಗೆ ಬಂದಿತ್ತು. ಬೇಗ ನಡೀರಿ ಎಂದು ಹಿಂದಿನಿಂದ ಒಬ್ಬರೂ ಕೂಗಲಿಲ್ಲ.